ಮಿರ್ಥ್ ಕನೆಕ್ಟ್: ಎಂಜಿನ್ ಗಟ್ಟಿ, ಡಿಫಾಲ್ಟ್‌ಗಳನ್ನು ಮಾತ್ರ ನಂಬಬೇಡಿ

ಇಎಂಆರ್ (ರೋಗಿಗಳ ಡಿಜಿಟಲ್ ದಾಖಲೆಯ ತಂತ್ರಾಂಶ) ಖರೀದಿಗೆ ಆಸ್ಪತ್ರೆಯ ಐಟಿ ಮುಖ್ಯಸ್ಥ, ಅಂದರೆ ಸಿಐಒ, ಕೊಡುವ ಗಮನದ ಕಾಲು ಭಾಗವೂ ತಂತ್ರಾಂಶಗಳ ನಡುವೆ ಸಂದೇಶ ಸಾಗಿಸುವ ಇಂಟರ್‌ಫೇಸ್ ಎಂಜಿನ್‌ಗೆ ಸಿಗುವುದಿಲ್ಲ. ರೋಗಿಯ ನೋಂದಣಿ ಲ್ಯಾಬ್‌ಗೆ ತಿಳಿಯುವುದು, ಲ್ಯಾಬ್ ವರದಿ ವಾರ್ಡಿನ ಪರದೆಗೆ ಬರುವುದು, ಸ್ಕ್ಯಾನ್ ಆರ್ಡರ್ ರೇಡಿಯಾಲಜಿಗೆ ಹೋಗುವುದು ಎಲ್ಲ ಈ ಎಂಜಿನ್ ಮೂಲಕವೇ. ಅದು ಕೈಕೊಟ್ಟ ದಿನ ಯಾವ ವಿಭಾಗದ ಸಾಫ್ಟ್‌ವೇರೂ ಕೆಟ್ಟಿರುವುದಿಲ್ಲ. ಒಂದರ ಸುದ್ದಿ ಇನ್ನೊಂದಕ್ಕೆ ಮುಟ್ಟುತ್ತಿರುವುದಿಲ್ಲ, ಅಷ್ಟೇ. ಹಾಗಾಗಿ ತಪ್ಪು ಎಲ್ಲಿದೆ ಎಂದು ಹುಡುಕುವುದರಲ್ಲೇ ಗಂಟೆಗಳು ಕಳೆಯುತ್ತವೆ.

ಈ ಕೆಲಸಕ್ಕೆ ಬಹಳ ಆಸ್ಪತ್ರೆಗಳು ನೆಚ್ಚಿಕೊಂಡಿರುವುದು ಮಿರ್ಥ್ ಕನೆಕ್ಟನ್ನು. ಜಾವಾದಲ್ಲಿ ಬರೆದ ಸರ್ವರ್. ಲೈನಕ್ಸ್, ವಿಂಡೋಸ್ ಎರಡರಲ್ಲೂ ಓಡುತ್ತದೆ. ಎಚ್‌ಎಲ್7 ವಿ2 (ಆಸ್ಪತ್ರೆ ಸಂದೇಶಗಳ ಪ್ರಮಾಣಿತ ಸ್ವರೂಪ; ಅದರ ಸಾಲುಗಳಿಗೆ ಸೆಗ್ಮೆಂಟ್, ಸಾಲಿನ ಭಾಗಗಳಿಗೆ ಫೀಲ್ಡ್ ಎನ್ನುತ್ತಾರೆ), ಎಕ್ಸ್‌ಎಂಎಲ್, ಜೇಸನ್, ಡೈಕಾಂ (ಸ್ಕ್ಯಾನ್ ಚಿತ್ರಗಳ ಸ್ವರೂಪ), ಡೇಟಾಬೇಸ್, ಫೈಲ್, ವೆಬ್ ಸರ್ವಿಸ್ ಎಲ್ಲವನ್ನೂ ಮಾತಾಡಿಸಬಲ್ಲದು. ಕೆಲಸದ ಘಟಕ ಚಾನೆಲ್: ಒಂದು ಸೋರ್ಸ್, ಬೇಕಾದಷ್ಟು ಡೆಸ್ಟಿನೇಷನ್, ನಡುವೆ ಫಿಲ್ಟರ್ ಮತ್ತು ಟ್ರಾನ್ಸ್‌ಫಾರ್ಮರ್. ಬದಲಾವಣೆಯ ತರ್ಕವನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಬರೆಯಬಹುದು. ಕೆಲಸ ಬಲ್ಲ ಎಂಜಿನಿಯರ್ ಕೈಯಲ್ಲಿ ಎಡಿಟಿ (ರೋಗಿಯ ದಾಖಲು, ವಾರ್ಡ್ ಬದಲು, ಬಿಡುಗಡೆಯ) ಸಂದೇಶವನ್ನು ಬೇರೆ ಸ್ವರೂಪಕ್ಕೆ ತಿರುಗಿಸುವ ಚಾನೆಲ್ ಒಂದೇ ದಿನದಲ್ಲಿ ಎದ್ದು ನಿಲ್ಲುತ್ತದೆ. ಪ್ರತಿ ಸಂದೇಶ ಬಂದಾಗ ಹೇಗಿತ್ತು, ಬದಲಾದ ಮೇಲೆ ಹೇಗಾಯಿತು, ಆಚೆಯಿಂದ ಏನು ಉತ್ತರ ಬಂತು ಎಂಬುದನ್ನು ಒಂದೇ ಪರದೆಯಲ್ಲಿ ತೆರೆದು ನೋಡಬಹುದು. ಈ ಒಂದು ಸೌಲಭ್ಯಕ್ಕೇ ಇದಕ್ಕೆ ಪೂರ್ಣ ಅಂಕ ಕೊಡಬೇಕು.

ತೊಂದರೆ ಇರುವುದು ಡಿಫಾಲ್ಟ್ ಸೆಟ್ಟಿಂಗ್‌ಗಳಲ್ಲಿ. ಹೊಸ ಚಾನೆಲ್ ತೆರೆದು ಟಿಸಿಪಿ ಸೆಂಡರ್ (ನೆಟ್‌ವರ್ಕ್ ಮೂಲಕ ಸಂದೇಶ ಕಳಿಸುವ ಡೆಸ್ಟಿನೇಷನ್) ಹಾಕಿದರೆ, ಹೋಗದ ಸಂದೇಶವನ್ನು ಸಾಲಿನಲ್ಲಿಟ್ಟು ಮತ್ತೆ ಕಳಿಸುವ ಕ್ಯೂ ಆಯ್ಕೆ ‘ನೆವರ್’ ಎಂದಿರುತ್ತದೆ. ಲ್ಯಾಬ್ ಸರ್ವರ್ ಎರಡು ನಿಮಿಷ ರೀಬೂಟ್ ಆದರೆ ಆ ಎರಡು ನಿಮಿಷದ ಆರ್ಡರ್‌ಗಳು ಎರರ್ ಆಗಿ ಬಿದ್ದಿರುತ್ತವೆ, ಮತ್ತೆ ತಾವಾಗಿ ಹೋಗುವುದಿಲ್ಲ. ಇತ್ತ ಸೋರ್ಸ್ ಬದಿಯ ಉತ್ತರ ‘ಸೋರ್ಸ್ ಟ್ರಾನ್ಸ್‌ಫಾರ್ಮರ್ ಆದ ಮೇಲೆ’ ಎಂಬ ಡಿಫಾಲ್ಟ್‌ನಲ್ಲೇ ಇದ್ದರೆ, ಡೆಸ್ಟಿನೇಷನ್ ಸೋತರೂ ಕಳಿಸಿದ ಇಎಂಆರ್‌ಗೆ ‘ಎಎ’ ಎಂಬ ಸ್ವೀಕೃತಿ ಹೋಗಿರುತ್ತದೆ. ಇಎಂಆರ್ ಲೆಕ್ಕದಲ್ಲಿ ಆರ್ಡರ್ ತಲುಪಿದೆ, ಲ್ಯಾಬ್ ಲೆಕ್ಕದಲ್ಲಿ ಬಂದೇ ಇಲ್ಲ. ನರ್ಸ್ ಫೋನ್ ಮಾಡುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ಕ್ಯೂವನ್ನು ‘ಆನ್ ಫೇಲ್ಯೂರ್’ ಅಥವಾ ‘ಆಲ್ವೇಸ್’ ಮಾಡಿದರೆ ಇದು ಸರಿಹೋಗುತ್ತದೆ, ಆದರೆ ಅಲ್ಲಿಗೇ ಮುಗಿಯಲಿಲ್ಲ. ಸ್ವೀಕರಿಸುವವರು ‘ಎಇ’ ಎಂದು ತಿರಸ್ಕರಿಸಿದರೂ, ‘ವ್ಯಾಲಿಡೇಟ್ ರೆಸ್ಪಾನ್ಸ್’ ಟಿಕ್ ಆಗಿರದಿದ್ದರೆ ಮಿರ್ಥ್ ಆ ಸಂದೇಶವನ್ನು ‘ಸೆಂಟ್’ ಎಂದೇ ಎಣಿಸುತ್ತದೆ. ಉತ್ತರ ಬಂತು ಎಂಬುದಷ್ಟೇ ಅದಕ್ಕೆ ಲೆಕ್ಕ. ಉತ್ತರದಲ್ಲಿ ಏನಿದೆ ಎಂದು ಓದಬೇಕಾದರೆ ನಾವು ಹೇಳಬೇಕು. ಟಿಕ್ ಮಾಡಿದ ಮೇಲೆ ಉತ್ತರದ ಎಂಎಸ್‌ಎ (ಸ್ವೀಕೃತಿ) ಸೆಗ್ಮೆಂಟಿನ ಮೊದಲ ಫೀಲ್ಡ್ ನೋಡಿ ಎರರ್ ಎಂದು ಗುರುತಿಸುತ್ತದೆ. ಎಲ್ಲ ಡೆಸ್ಟಿನೇಷನ್‌ಗಳಲ್ಲಿ ಈ ಒಂದು ಟಿಕ್ ಇದೆಯೇ ಎಂದು ಪರಿಶೀಲಿಸುವುದು ಹೊಸ ಸಿಐಒ ಮೊದಲ ವಾರದಲ್ಲೇ ಮಾಡಿಸಬೇಕಾದ ಕೆಲಸ.

ಇನ್ನೊಂದು ಸೂಕ್ಷ್ಮ ಟೈಮ್‌ಔಟ್‌ನದು. ಟಿಸಿಪಿ ಸೆಂಡರ್ ಉತ್ತರಕ್ಕಾಗಿ ಕಾಯುವ ಡಿಫಾಲ್ಟ್ ಅವಧಿ 5 ಸೆಕೆಂಡ್, ಮರುಪ್ರಯತ್ನದ ಅಂತರ 10 ಸೆಕೆಂಡ್. ಬೆಳಗಿನ ದಟ್ಟಣೆಯಲ್ಲಿ ಲ್ಯಾಬ್ ಸಾಫ್ಟ್‌ವೇರ್ ಒಂದು ಆರ್ಡರ್ ಉಳಿಸಿಕೊಳ್ಳಲು 6 ಸೆಕೆಂಡ್ ತೆಗೆದುಕೊಂಡಿತು ಎನ್ನಿ. ಆರ್ಡರ್ ಅಲ್ಲಿ ಉಳಿದಾಗಿದೆ, ಮಿರ್ಥ್ ಮಾತ್ರ ಉತ್ತರ ಬರಲಿಲ್ಲವೆಂದು ಕ್ಯೂಗೆ ಹಾಕಿ ಅದನ್ನೇ ಮತ್ತೆ ಕಳಿಸುತ್ತದೆ. ಒಂದೇ ರಕ್ತಪರೀಕ್ಷೆಗೆ ಎರಡು, ಮೂರು ಆರ್ಡರ್. ಟೈಮ್‌ಔಟ್ ಹೆಚ್ಚಿಸುವುದು ಅರ್ಧ ಪರಿಹಾರ. ಎಂಎಸ್‌ಎಚ್ (ತಲೆಬರಹ) ಸೆಗ್ಮೆಂಟಿನ 10ನೇ ಫೀಲ್ಡಿನಲ್ಲಿರುವ ಕಂಟ್ರೋಲ್ ಐಡಿ (ಸಂದೇಶದ ಗುರುತು ಸಂಖ್ಯೆ) ಮೊದಲೇ ಬಂದದ್ದಾಗಿದ್ದರೆ ಎರಡನೆಯದನ್ನು ಬಿಡುವ ಜವಾಬ್ದಾರಿ ಸ್ವೀಕರಿಸುವ ತಂತ್ರಾಂಶದ್ದು. ಇದನ್ನು ಖರೀದಿ ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು, ಗೋಲೈವ್ (ಬಳಕೆ ಶುರು) ಆದ ಮೇಲೆ ಕೇಳಿದರೆ ಯಾರೂ ಮಾಡಿಕೊಡುವುದಿಲ್ಲ.

ಅನುಕ್ರಮದ ವಿಷಯದಲ್ಲಿ ಮಿರ್ಥ್‌ನ ಡಿಫಾಲ್ಟ್ ಸರಿಯಾಗಿದೆ: ಕ್ಯೂ ತಲೆಯಲ್ಲಿರುವ ಸಂದೇಶ ಹೋಗದೆ ಅದರ ಹಿಂದೆ ನಿಂತದ್ದು ಹೋಗದು. ಎ01 ದಾಖಲು, ಎ02 ವಾರ್ಡ್ ಬದಲು, ಎ03 ಬಿಡುಗಡೆ, ಎ40 ಎರಡು ದಾಖಲೆಗಳ ವಿಲೀನ. ಇವು ಹಿಂದುಮುಂದಾದರೆ ಬಿಡುಗಡೆಯಾದ ರೋಗಿ ಮತ್ತೆ ಹಾಸಿಗೆ ಮೇಲೆ ಕಾಣಿಸುತ್ತಾನೆ, ಇಲ್ಲವೇ ಒಬ್ಬರ ವರದಿ ಇನ್ನೊಬ್ಬರ ಕಡತ ಸೇರುತ್ತದೆ. ಕ್ಯೂ ಬೆಳೆದಾಗ ಗಾಬರಿಯಿಂದ ‘ರೊಟೇಟ್’ (ಹೋಗದ ಸಂದೇಶವನ್ನು ಸಾಲಿನ ಕೊನೆಗೆ ತಳ್ಳುವ ಆಯ್ಕೆ) ಆನ್ ಮಾಡುವುದು ಅಥವಾ ಏಕಕಾಲಕ್ಕೆ ಕಳಿಸುವ ಎಳೆಗಳ, ಅಂದರೆ ಥ್ರೆಡ್‌ಗಳ, ಸಂಖ್ಯೆಯನ್ನು ಸುಮ್ಮನೆ ಏರಿಸುವುದು ಈ ಅನುಕ್ರಮವನ್ನೇ ಮುರಿಯುತ್ತದೆ. ವೇಗ ಬೇಕಿದ್ದರೆ ‘ಥ್ರೆಡ್ ಅಸೈನ್‌ಮೆಂಟ್ ವೇರಿಯಬಲ್’ಗೆ ರೋಗಿಯ ಸಂಖ್ಯೆ ಕೊಡಿ. ಒಬ್ಬ ರೋಗಿಯ ಸಂದೇಶಗಳೆಲ್ಲ ಒಂದೇ ಥ್ರೆಡ್‌ನಲ್ಲಿ ಸಾಲಾಗಿ ಹೋಗುತ್ತವೆ, ಬೇರೆ ರೋಗಿಗಳದು ಅಕ್ಕಪಕ್ಕದಲ್ಲಿ ನಡೆಯುತ್ತದೆ. ವಿಲೀನ ಸಂದೇಶದಲ್ಲಿ ಎರಡು ಸಂಖ್ಯೆಗಳಿರುವುದರಿಂದ ಅದಕ್ಕೆ ಬೇರೆ ವ್ಯವಸ್ಥೆ ಬೇಕು ಎಂಬುದನ್ನು ಮರೆಯಬಾರದು.

ಡಿಸ್ಕ್ ತುಂಬಿ ನಿಲ್ಲುವುದು ಇನ್ನೊಂದು ಹಳೆಯ ಕಾಯಿಲೆ. ಸಂದೇಶ ಸಂಗ್ರಹಕ್ಕೆ ‘ಡೆವಲಪ್‌ಮೆಂಟ್’ನಿಂದ ‘ಡಿಸೇಬಲ್ಡ್’ವರೆಗೆ ಐದು ಹಂತಗಳಿವೆ. ಮೇಲಿನ ಹಂತದಲ್ಲಿ ಪ್ರತಿ ಸಂದೇಶದ ಪ್ರತಿ ರೂಪವೂ, ಪ್ರತಿ ಡೆಸ್ಟಿನೇಷನ್‌ಗೂ ಬೇರೆ ಬೇರೆಯಾಗಿ ಡೇಟಾಬೇಸ್ ಸೇರುತ್ತದೆ. ಹಳೆಯದನ್ನು ಅಳಿಸುವ ಡೇಟಾ ಪ್ರೂನರ್ ಅನ್ನು ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಬೇಕು, ಜೊತೆಗೆ ಪ್ರತಿ ಚಾನೆಲ್‌ನಲ್ಲಿ ಎಷ್ಟು ದಿನ ಇಟ್ಟುಕೊಳ್ಳಬೇಕೆಂದು ನಮೂದಿಸಬೇಕು. ಎರಡರಲ್ಲಿ ಒಂದು ತಪ್ಪಿದರೂ ಏನೂ ಅಳಿಯುವುದಿಲ್ಲ. ವರದಿಯ ಪಿಡಿಎಫ್ ಅನ್ನು ಓಬಿಎಕ್ಸ್ (ಪರೀಕ್ಷಾ ಫಲಿತಾಂಶದ) ಸೆಗ್ಮೆಂಟಿನೊಳಗೆ ಬೇಸ್64 (ಫೈಲನ್ನು ಅಕ್ಷರಗಳಾಗಿಸುವ ವಿಧಾನ) ಆಗಿ ತುರುಕುವ ಲ್ಯಾಬ್‌ಗಳಿದ್ದರೆ ಗಾತ್ರ ಮೂರನೇ ಒಂದರಷ್ಟು ಹಿಗ್ಗುತ್ತದೆ, ಅದನ್ನು ಸಂದೇಶದಿಂದ ತೆಗೆದು ಬೇರೆಯಾಗಿ ಇಡುವ ಅಟ್ಯಾಚ್‌ಮೆಂಟ್ ಹ್ಯಾಂಡ್ಲರ್ ಬಳಸದಿದ್ದರೆ ಅದೇ ಪಿಡಿಎಫ್ ಹಲವು ಸಲ ಉಳಿಯುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಸಾಲುಗಳನ್ನು ಅಳಿಸಿದಾಕ್ಷಣ ಡಿಸ್ಕ್ ಜಾಗ ಆಪರೇಟಿಂಗ್ ಸಿಸ್ಟಂಗೆ ವಾಪಸಾಗುವುದಿಲ್ಲ ಎಂಬುದೂ ಡೇಟಾಬೇಸ್ ನೋಡಿಕೊಳ್ಳುವ ಡಿಬಿಎಗೆ ಗೊತ್ತಿರಬೇಕು. ಇನ್‌ಸ್ಟಾಲ್ ಮಾಡಿದಾಗ ಬರುವ ಡರ್ಬಿ ಡೇಟಾಬೇಸ್ ಪ್ರಯೋಗಕ್ಕೆ ಮಾತ್ರ, ಅದರ ಮೇಲೆ ಆಸ್ಪತ್ರೆ ನಡೆಸಬಾರದು.

ಸ್ಟ್ಯಾಂಡ್‌ಬೈ ಸರ್ವರ್ ಇದೆ ಎಂದು ಲೆಕ್ಕಪರಿಶೋಧಕರಿಗೆ ತೋರಿಸುವುದು ಸುಲಭ. ಕ್ಲಸ್ಟರಿಂಗ್ (ಹಲವು ಸರ್ವರ್‌ಗಳನ್ನು ಒಂದಾಗಿ ನಡೆಸುವುದು) ವಾಣಿಜ್ಯ ಪ್ಲಗಿನ್ ಆದ್ದರಿಂದ ಉಚಿತ ಆವೃತ್ತಿ ಬಳಸುವವರು ಒಂದೇ ಡೇಟಾಬೇಸ್‌ಗೆ ಎರಡನೇ ಸರ್ವರ್ ಸಿದ್ಧ ಇಟ್ಟುಕೊಳ್ಳುತ್ತಾರೆ. ಆದರೆ ಆಪ್‌ಡೇಟಾ ಫೋಲ್ಡರಿನ ಸರ್ವರ್ ಐಡಿ ಎರಡರಲ್ಲೂ ಒಂದೇ ಆಗಿರದಿದ್ದರೆ, ಮೊದಲ ಸರ್ವರ್‌ನ ಕ್ಯೂನಲ್ಲಿ ಉಳಿದ ಸಂದೇಶಗಳನ್ನು ಎರಡನೆಯದು ತನ್ನದೆಂದು ಎತ್ತಿಕೊಳ್ಳುವುದಿಲ್ಲ. ಕೀಸ್ಟೋರ್ ಫೈಲನ್ನೂ ನಕಲು ಮಾಡಿಡಬೇಕು, ಎನ್‌ಕ್ರಿಪ್ಟ್ ಮಾಡಿದ ಸಂದೇಶಗಳ ಬೀಗದ ಕೈ ಅದರಲ್ಲಿದೆ. ಕಾನ್ಫಿಗರೇಶನ್ ಬ್ಯಾಕಪ್‌ನ ಎಕ್ಸ್‌ಎಂಎಲ್ ಒಂದೇ ಇದ್ದರೆ ಆ ಸಂದೇಶಗಳು ತೆರೆಯುವುದಿಲ್ಲ.

ಭದ್ರತೆಯಲ್ಲಿ ಉದಾಸೀನಕ್ಕೆ ಎಡೆಯೇ ಇಲ್ಲ. 2023ರಲ್ಲಿ ಬಯಲಾದ ಸಿವಿಇ-2023-43208 ಎಂಬ ಭದ್ರತಾ ದೋಷ, ಲಾಗಿನ್ ಇಲ್ಲದೆಯೇ ದೂರದಿಂದ ಸರ್ವರ್ ಮೇಲೆ ಕೋಡ್ ಓಡಿಸಲು ದಾರಿ ಕೊಡುತ್ತಿತ್ತು. ಅದಕ್ಕೂ ಮೊದಲಿನ ದೋಷಕ್ಕೆ 4.4.0ರಲ್ಲಿ ಹಾಕಿದ ತೇಪೆ ಸಾಲದೆ ಹೋಗಿ, 4.4.1ರಲ್ಲಿ ಸರಿಯಾಯಿತು. 2024ರ ಮೇನಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸಿಸಾ ಇದನ್ನು ದಾಳಿಗೆ ಬಳಕೆಯಾಗುತ್ತಿರುವ ದೋಷಗಳ ಪಟ್ಟಿಗೆ ಸೇರಿಸಿತು. 4.4.1ಕ್ಕಿಂತ ಹಳೆಯದು ಓಡುತ್ತಿದ್ದರೆ ಈ ಲೇಖನ ಬದಿಗಿಟ್ಟು ಮೊದಲು ಅಪ್‌ಗ್ರೇಡ್ ಮಾಡಿಸಿ. 8080 ಮತ್ತು 8443 ಪೋರ್ಟ್‌ಗಳು ಇಂಟರ್ನೆಟ್‌ಗೆ ತೆರೆದಿರಬಾರದು, ಅಡ್ಮಿನ್ ಪಾಸ್‌ವರ್ಡ್ ಬದಲಾಗಿದೆಯೇ ಎಂದೂ ನೋಡಿ. ಎಚ್‌ಎಲ್7 ಸಂದೇಶಗಳನ್ನು ನೆಟ್‌ವರ್ಕ್‌ನಲ್ಲಿ ಸಾಗಿಸುವ ಎಂಎಲ್‌ಎಲ್‌ಪಿ ಸಂಪರ್ಕಕ್ಕೆ ತನ್ನದೇ ಎನ್‌ಕ್ರಿಪ್ಷನ್ ಇಲ್ಲ. ಕಟ್ಟಡ ದಾಟುವ ಪ್ರತಿ ಸಂಪರ್ಕಕ್ಕೂ ವಿಪಿಎನ್ ಅಥವಾ ಟಿಎಲ್‌ಎಸ್ ಬೇಕೇಬೇಕು.

ಈಗ ಸಿಐಒ ಸ್ವತಃ ನಿರ್ಧರಿಸಬೇಕಾದ ಪ್ರಶ್ನೆ: ಯಾವ ಆವೃತ್ತಿ? ಬಹಳ ವರ್ಷ ಮುಕ್ತ ತಂತ್ರಾಂಶವಾಗಿದ್ದ ಮಿರ್ಥ್ ಅನ್ನು ಮಾಲೀಕ ಕಂಪನಿ ನೆಕ್ಸ್ಟ್‌ಜೆನ್ 2025ರಲ್ಲಿ 4.6ರಿಂದ ವಾಣಿಜ್ಯ ಪರವಾನಗಿಗೆ ಬದಲಿಸಿತು. 4.5.2 ಕೊನೆಯ ಮುಕ್ತ ಆವೃತ್ತಿ. ಅದರ ಕೋಡಿನಿಂದ ಓಪನ್ ಇಂಟಿಗ್ರೇಷನ್ ಎಂಜಿನ್, ಬ್ರಿಡ್ಜ್‌ಲಿಂಕ್ ಎಂಬ ಕವಲುಗಳು ಹುಟ್ಟಿವೆ. ಸ್ವಂತ ಇಂಟರ್‌ಫೇಸ್ ತಂಡ ಇಲ್ಲದ ಆಸ್ಪತ್ರೆ ಪರವಾನಗಿ ಕೊಂಡು ಬೆಂಬಲ ಪಡೆಯುವುದೇ ಸರಿ. ಜಾವಾ ಮತ್ತು ಎಚ್‌ಎಲ್7 ಎರಡೂ ಬಲ್ಲ ಇಬ್ಬರಾದರೂ ಇದ್ದರೆ ಕವಲುಗಳು ಯೋಗ್ಯ ಆಯ್ಕೆ. 4.5.2ರಲ್ಲೇ ಸುಮ್ಮನೆ ಕೂತಿರುವುದು ಮಾತ್ರ ಆಯ್ಕೆಯಲ್ಲ, ಮುಂದಿನ ದೋಷ ಸಿಕ್ಕ ದಿನ ತೇಪೆ ಹಾಕುವವರು ಯಾರೂ ಇರುವುದಿಲ್ಲ.

ಯಾವುದನ್ನೇ ಆರಿಸಿದರೂ ಒಂದು ಕೊರತೆಯನ್ನು ನೀವೇ ತುಂಬಿಕೊಳ್ಳಬೇಕು. ಎರರ್ ಬಂದರೆ ಅಲರ್ಟ್ ಕಳಿಸುವ ವ್ಯವಸ್ಥೆ ಮಿರ್ಥ್‌ನಲ್ಲಿದೆ, ಅದನ್ನು ಕೈಯಾರೆ ಕಟ್ಟಬೇಕು. ಸಂದೇಶವೇ ಬಾರದೆ ಹೋದರೆ ಎರರ್ ಕೂಡ ಇರುವುದಿಲ್ಲ, ಡ್ಯಾಶ್‌ಬೋರ್ಡ್ ಹಸಿರಾಗಿಯೇ ಇರುತ್ತದೆ. ಐದೈದು ನಿಮಿಷಕ್ಕೊಮ್ಮೆ ಎಪಿಐ ಮೂಲಕ ಪ್ರತಿ ಚಾನೆಲ್‌ನ ‘ರಿಸೀವ್ಡ್’ ಮತ್ತು ‘ಕ್ಯೂಡ್’ ಎಣಿಕೆ ಓದುವ ಚಿಕ್ಕ ಸ್ಕ್ರಿಪ್ಟ್ ಬರೆಸಿ. ಹಗಲು ಹೊತ್ತಿನಲ್ಲಿ ಎಡಿಟಿ ಎಣಿಕೆ ಹದಿನೈದು ನಿಮಿಷ ಅಲುಗಾಡದಿದ್ದರೆ, ಅಥವಾ ಕ್ಯೂ ಐವತ್ತು ದಾಟಿದರೆ, ಡ್ಯೂಟಿಯಲ್ಲಿರುವವರ ಫೋನ್ ಬಾರಿಸಲಿ. ರಾತ್ರಿ ಪಾಳಿಗೆ ಮಿತಿಗಳು ಬೇರೆ ಇರಲಿ, ಇಲ್ಲದಿದ್ದರೆ ವಾರದೊಳಗೆ ಯಾರೋ ಅಲರ್ಟನ್ನೇ ಮ್ಯೂಟ್ ಮಾಡಿರುತ್ತಾರೆ.