ಎಂಟು ಮೀಟರ್ ದಾರ: ನಾಲ್ಕು ವರ್ಷ ಕಸೂತಿ ಹಾಕಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಆಂಕರ್ ಅನ್ನುವ ಕಂಪನಿಯ ಆರೆಳೆ ಹತ್ತಿ ದಾರ ಕಸೂತಿಗೆ ಬಹಳ ಚೆನ್ನಾಗಿದೆ. ಹೊಸದಾಗಿ ಶುರು ಮಾಡುವವರು ಧೈರ್ಯವಾಗಿ ತಗೊಳ್ಳಬಹುದು. ಆದರೆ ದಾರ ಒಂದೇ ಸರಿಯಿದ್ದರೆ ಆಗುವುದಿಲ್ಲ. ಬಟ್ಟೆ, ಸೂಜಿ ಕೈಕೊಟ್ಟರೆ ಒಳ್ಳೆಯ ದಾರವೂ ಹಾಳು. ಅದಕ್ಕೇ ಎಲ್ಲವನ್ನೂ ಸೇರಿಸಿ ಬರೆಯುತ್ತಿದ್ದೇನೆ.

ನಾನು ಹುಬ್ಬಳ್ಳಿಯವನು. ರೈಲ್ವೆ ವರ್ಕ್‌ಶಾಪ್‌ನಲ್ಲಿ 34 ವರ್ಷ ಫಿಟರ್ ಕೆಲಸ ಮಾಡಿ ನಿವೃತ್ತನಾದೆ. ಆಮೇಲೆ ಮಧ್ಯಾಹ್ನ ಊಟ ಮುಗಿಸಿ ಕೂತರೆ ಕೈಗೆ ಏನೂ ಕೆಲಸವಿಲ್ಲ. ಧಾರವಾಡದಲ್ಲಿರುವ ನನ್ನ ಅಕ್ಕ ಚಿಕ್ಕವಳಿದ್ದಾಗಿನಿಂದ ಕಸೂತಿ ಹಾಕುತ್ತಾಳೆ. ಒಂದು ದಿನ ಅವಳ ಪಕ್ಕ ಸುಮ್ನೆ ನೋಡುತ್ತಾ ಕೂತಿದ್ದೆ. ಸೂಜಿ ನನ್ನ ಕೈಗೆ ಕೊಟ್ಟು, "ನಿಂದು ಲೆಕ್ಕದ ಕೈ. ಇದೂ ಲೆಕ್ಕದ ಕೆಲಸನ ಐತಿ. ಹಾಕು" ಅಂದಳು. ಅವತ್ತಿನಿಂದ ನಾಲ್ಕು ವರ್ಷವಾಯಿತು. ಈಗ ಮೂರರಿಂದ ಐದು ಗಂಟೆಯವರೆಗೆ ಕಿಟಕಿ ಪಕ್ಕದ ಕುರ್ಚಿ ನನ್ನದು. ರೇಡಿಯೋ ಸಣ್ಣಗೆ ಹಾಡುತ್ತಿರುತ್ತದೆ. ಮನೆಯವರಿಗೂ ಅಭ್ಯಾಸವಾಗಿದೆ, ಆ ಹೊತ್ತಿನಲ್ಲಿ ಯಾರೂ ಕರೆಯುವುದಿಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ಕಡೆ ಕಸೂತಿ ಅಂದರೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಂಡು ಅದರ ಮೇಲೆ ಹೊಲಿಯುವುದಲ್ಲ. ಬಟ್ಟೆಯ ಎಳೆ ಎಣಿಸಿ ಎಣಿಸಿ ಹಾಕಬೇಕು. ಗವಂತಿ, ಮುರ್ಗಿ, ನೇಯ್ಗೆ, ಮೆಂತಿ ಅಂತ ನಾಲ್ಕು ಹೊಲಿಗೆ. ಈ ನಾಲ್ಕರಲ್ಲೇ ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆ, ನವಿಲು, ತೊಟ್ಟಿಲು ಎಲ್ಲಾ ಮೂಡಬೇಕು. ಗವಂತಿ, ಮುರ್ಗಿ ಹಾಕಿದರೆ ಬಟ್ಟೆಯ ಎರಡೂ ಕಡೆ ಒಂದೇ ಥರ ಕಾಣುತ್ತದೆ. ಗಂಟು ಹಾಕುವ ಹಾಗಿಲ್ಲ. ಅಂದರೆ ಹಿಂದಿನ ಕಡೆ ಏನನ್ನೂ ಮುಚ್ಚಿಡಲು ಆಗುವುದಿಲ್ಲ. ದಾರ ಕಳಪೆಯಾಗಿದ್ದರೆ ಎರಡೂ ಕಡೆಯಿಂದ ಗೊತ್ತಾಗುತ್ತದೆ.

ಈಗ ದಾರಕ್ಕೆ ಬರೋಣ. ಒಂದು ಲಡಿಯಲ್ಲಿ 8 ಮೀಟರ್ ದಾರ ಇರುತ್ತದೆ. ಅದು ಆರು ಎಳೆ ಸೇರಿದ ದಾರ. ಬಿಡಿಸಿದರೆ 48 ಮೀಟರ್ ಒಂಟಿ ಎಳೆ ಸಿಗುತ್ತದೆ. ನಾನು ಎರಡೆಳೆ ಸೇರಿಸಿ, ಒಂದು ಮೊಳ ಉದ್ದ ಕತ್ತರಿಸಿಕೊಳ್ಳುತ್ತೇನೆ. ಹಾಗೆ ಒಂದು ಲಡಿಗೆ ಐವತ್ತಕ್ಕೂ ಜಾಸ್ತಿ ಸಲ ಸೂಜಿ ಪೋಣಿಸಬಹುದು. ಒಂದು ಲಡಿಗೆ ಕೊಡುವುದು ಹೋಟೆಲಿನ ಒಂದು ಚಹಾದ ದುಡ್ಡು. ಅಷ್ಟರಲ್ಲಿ ನನಗೆ ಎಷ್ಟೋ ದಿನದ ಮಧ್ಯಾಹ್ನ ಸಿಗುತ್ತದೆ.

ಮೊಳಕ್ಕಿಂತ ಉದ್ದ ಇಟ್ಟುಕೊಳ್ಳಬೇಡಿ. ಪೋಣಿಸುವ ಕೆಲಸ ಉಳಿಯಲಿ ಅಂತ ನಾನೂ ಮೊದಲು ಎರಡು ಮೊಳ ಕತ್ತರಿಸುತ್ತಿದ್ದೆ. ದಾರ ಬಟ್ಟೆಯ ತೂತಿನಲ್ಲಿ ಹೋಗಿ ಬಂದು, ಹೋಗಿ ಬಂದು ಸವೆಯುತ್ತದೆ. ಕೊನೆಯ ಗೇಣು ಬರುವಷ್ಟರಲ್ಲಿ ಹೊಳಪು ಹೋಗಿ ಜುಂಗು ಏಳುತ್ತದೆ. ಒಂದೇ ಗೋಪುರದ ಬುಡ ಹೊಳೆಯುತ್ತದೆ, ತುದಿ ಮಂಕು.

ಎಳೆ ಬಿಡಿಸುವುದಕ್ಕೂ ಒಂದು ಕ್ರಮವಿದೆ. ಇದನ್ನು ಅಕ್ಕ ಮೂರು ಸಲ ತೋರಿಸಿದ ಮೇಲೆ ನನಗೆ ಬಂತು. ಕತ್ತರಿಸಿದ ತುಂಡನ್ನು ಎಡಗೈಯ ಹೆಬ್ಬೆರಳು, ತೋರುಬೆರಳ ನಡುವೆ ಸಡಿಲವಾಗಿ ಹಿಡಿಯಬೇಕು. ತುದಿಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಆರೂ ಎಳೆ ಹೂವಿನ ಥರ ಅರಳುತ್ತವೆ. ಅದರಲ್ಲಿ ಒಂದೇ ಒಂದನ್ನು ಹಿಡಿದು ನೇರ ಮೇಲಕ್ಕೆ ಎಳೆಯಬೇಕು. ಉಳಿದ ಐದು ಎಳೆ ಕೆಳಗೆ ಸುಕ್ಕುಗಟ್ಟಿ ಗುಪ್ಪೆಯಾಗುತ್ತವೆ, ಸಿಕ್ಕಾಯಿತು ಅಂತ ಭಯವಾಗುತ್ತದೆ. ಆಗಿರುವುದಿಲ್ಲ. ಆ ಒಂದು ಎಳೆ ಪೂರ್ತಿ ಹೊರಗೆ ಬಂದ ಕೂಡಲೇ ಉಳಿದವು ತಾವಾಗಿ ಕೆಳಗೆ ಇಳಿದು ನೆಟ್ಟಗಾಗುತ್ತವೆ. ಎರಡನ್ನು ಒಟ್ಟಿಗೆ ಎಳೆದರೆ ಮಾತ್ರ ನಿಜವಾಗಿ ಸಿಕ್ಕು. ಎರಡೆಳೆ ಬೇಕಾದರೂ ಒಂದೊಂದೇ ತೆಗೆದು, ಆಮೇಲೆ ಜೋಡಿಸಿಕೊಳ್ಳಿ. ಹಾಗೆ ಜೋಡಿಸಿದ ದಾರ ಬಟ್ಟೆಯ ಮೇಲೆ ಅಗಲವಾಗಿ, ಚಪ್ಪಟೆಯಾಗಿ ಕೂರುತ್ತದೆ. ಈ ಸಣ್ಣ ಕೆಲಸ ನನಗೆ ಎಷ್ಟು ಇಷ್ಟ ಅಂದರೆ, ಕೆಲವು ದಿನ ಹೊಲಿಗೆ ಶುರು ಮಾಡುವ ಮೊದಲೇ ಹತ್ತು ತುಂಡು ಬಿಡಿಸಿ ಕುರ್ಚಿಯ ಕೈ ಮೇಲೆ ಸಾಲಾಗಿ ಇಡುತ್ತೇನೆ.

ದಾರದ ಹೊಳಪಿನ ಹಿಂದೆ ಒಂದು ಕಥೆ ಇದೆ. ಇಂಗ್ಲೆಂಡಿನ ಜಾನ್ ಮರ್ಸರ್ ಎಂಬುವವರು 1844ರಲ್ಲಿ ಹತ್ತಿಯನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದಿ ನೋಡಿದರು. ಎಳೆ ಉಬ್ಬಿ ಗಟ್ಟಿಯಾಯಿತು, ಬಣ್ಣವನ್ನೂ ಚೆನ್ನಾಗಿ ಹಿಡಿಯಿತು. ಆದರೆ ಕುಗ್ಗುತ್ತಿತ್ತು. 1890ರ ಹೊತ್ತಿಗೆ ಹೊರೇಸ್ ಲೋವ್ ಎಂಬುವವರು ದಾರವನ್ನು ಬಿಗಿಯಾಗಿ ಎಳೆದು ಹಿಡಿದು ಅದೇ ಕೆಲಸ ಮಾಡಿದರು. ಕುಗ್ಗುವುದು ನಿಂತು, ರೇಷ್ಮೆಯಂಥ ಹೊಳಪೂ ಬಂತು. ಲೇಬಲ್ ಮೇಲೆ ಮರ್ಸರೈಸ್ಡ್ ಅಂತ ಇರುವುದು ಇದಕ್ಕೇ. ಉಕ್ಕಿಗೆ ಪಾನ ಕೊಟ್ಟು ಹದ ಮಾಡಿದವನಿಗೆ ಇದು ಕೂಡಲೇ ಅರ್ಥವಾಗುತ್ತದೆ. ವಸ್ತು ಅದೇ, ಹದ ಬೇರೆ.

ಈ ಹದದ ಬೆಲೆ ನನಗೆ ತಿಳಿದದ್ದು ಒಂದು ನಷ್ಟದಿಂದ. ಮೊಮ್ಮಗಳು ಹುಟ್ಟಿದಾಗ ತೊಟ್ಟಿಲಿಗೆ ಹಾಸಲು ಒಂದು ಬಿಳಿ ಬಟ್ಟೆಗೆ ಕಸೂತಿ ಹಾಕಿದೆ. ಸುತ್ತ ಅಂಚು, ನಡುವೆ ನಾಲ್ಕು ತೊಟ್ಟಿಲು, ಮೂಲೆಗೊಂದು ಗಿಳಿ. ಏಳು ವಾರದ ಕೆಲಸ. ಕೆಂಪು ಮುಗಿದಾಗ ಪೇಟೆಯವರೆಗೆ ಹೋಗಲು ಬೇಸರವಾಗಿ, ಹತ್ತಿರದ ಅಂಗಡಿಯಲ್ಲಿ ಹೆಸರು, ನಂಬರ್ ಏನೂ ಇಲ್ಲದ ಒಂದು ಕಟ್ಟು ತಂದೆ. ನೋಡಲು ಒಂದೇ ಥರ ಇತ್ತು. ಮೊದಲ ಸಲ ನೀರಿಗೆ ಹಾಕಿದ ಕೂಡಲೇ ಎರಡು ಗಿಳಿಗಳ ಸುತ್ತ ಗುಲಾಬಿ ಬಣ್ಣ ಹರಡಿತು. ಒಣಗಲು ಬಿಡದೆ ತಣ್ಣೀರು ಬದಲಾಯಿಸಿ ಬದಲಾಯಿಸಿ ಅದ್ದಿದೆ. ಮುಕ್ಕಾಲು ಭಾಗ ಹೋಯಿತು. ಉಳಿದ ಕಾಲು ಭಾಗ ಇಂದಿಗೂ ಇದೆ. ಮಗಳು ಅದನ್ನೇ ಹಾಸಿದಳು, ಮಗು ಅದರ ಮೇಲೇ ಮಲಗಿ ಬೆಳೆಯಿತು. ಆದರೂ ನೋಡಿದಾಗಲೆಲ್ಲ ನನಗೆ ಹೊಟ್ಟೆ ಚುರ್ ಅನ್ನುತ್ತದೆ.

ಅದೇ ಬಟ್ಟೆಯಲ್ಲಿ ಉಳಿದೆರಡು ಗಿಳಿ ಆಂಕರ್‌ನ 46 ನಂಬರಿನ ಕೆಂಪು ದಾರದಲ್ಲಿ ಹಾಕಿದ್ದೆ. ಅವುಗಳ ಸುತ್ತ ಒಂದು ಚುಕ್ಕೆ ಬಣ್ಣವೂ ಇಳಿದಿಲ್ಲ. ಒಂದೇ ಬಟ್ಟೆ, ಒಂದೇ ನೀರು, ಒಂದೇ ದಿನ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕಾ? ಈಗ ಯಾವ ಹೊಸ ದಾರ ತಂದರೂ, ಎಷ್ಟೇ ದೊಡ್ಡ ಹೆಸರಿದ್ದರೂ, ಒಂದು ತುಂಡನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಸುತ್ತಿ ರಾತ್ರಿಯಿಡೀ ಬಿಡುತ್ತೇನೆ. ಬೆಳಿಗ್ಗೆ ಬಟ್ಟೆ ಬಿಳಿ ಇದ್ದರೆ ಮಾತ್ರ ಸೂಜಿಗೆ ಪೋಣಿಸುವುದು.

ನನ್ನ ಡಬ್ಬಿಯಲ್ಲಿ ಯಾವಾಗಲೂ ಇರುವ ನಂಬರ್ ಎಂದರೆ ಕಪ್ಪಿಗೆ 403, ಕೆಂಪಿಗೆ 46, ಹಸಿರಿಗೆ 923. ನಂಬರ್ ಬರೆದ ಕಾಗದದ ಪಟ್ಟಿಯನ್ನು ಎಸೆಯಬೇಡಿ. ನಮ್ಮ ಮನೆಯಲ್ಲಿ ಹಳೆಯ ಮದುವೆ ಕಾರ್ಡುಗಳಿಗೆ ಇದೇ ಕೆಲಸ. ದಪ್ಪ ಕಾರ್ಡನ್ನು ಎರಡು ಬೆರಳಗಲ ಕತ್ತರಿಸಿ, ಎರಡೂ ಪಕ್ಕಕ್ಕೆ ಸಣ್ಣ ಕಚ್ಚು ಮಾಡಿ, ದಾರ ಸುತ್ತಿ, ಮೇಲೆ ಪೆನ್ನಿನಲ್ಲಿ ನಂಬರ್ ಬರೆಯುತ್ತೇನೆ. ಕೆಲವು ಕಾರ್ಡಿನಲ್ಲಿ ಇನ್ನೂ ಅರ್ಧ ಗಣಪತಿ ಕಾಣುತ್ತಾನೆ. ದೊಡ್ಡ ಕೆಲಸವಿದ್ದರೆ ಬೇಕಾದ ಲಡಿಗಳನ್ನೆಲ್ಲ ಒಟ್ಟಿಗೇ ತನ್ನಿ. ಒಂದೇ ನಂಬರ್ ಆದರೂ ಬೇರೆ ಸಲ ಅದ್ದಿದ ಬಣ್ಣದಲ್ಲಿ ಕೂದಲೆಳೆ ವ್ಯತ್ಯಾಸ ಬರಬಹುದು.

ಡಿಎಂಸಿ ಹೇಗೆ ಅಂತ ಕೇಳುವವರಿದ್ದಾರೆ. ಅದು ಫ್ರಾನ್ಸಿನದು, 1746ರಲ್ಲಿ ಶುರುವಾದ ಕಂಪನಿ. ಮಗಳು ಬೆಂಗಳೂರಿನಿಂದ ನಾಲ್ಕು ಲಡಿ ತಂದುಕೊಟ್ಟಿದ್ದಳು. ಅದೂ 8 ಮೀಟರ್, ಆರೆಳೆ. ಕೈಗೆ ಇನ್ನೂ ಸ್ವಲ್ಪ ನುಣುಪು ಅನಿಸಿತು. ಬಹಳ ಒಳ್ಳೆಯ ದಾರ. ಆದರೆ ಬೆಲೆ ಜಾಸ್ತಿ, ನನಗೆ ಇಲ್ಲಿ ಸುಲಭಕ್ಕೆ ಸಿಗುವುದೂ ಇಲ್ಲ. ದುರ್ಗದ ಬೈಲಿಗೆ ತರಕಾರಿಗೆ ಹೋದವನು ಹಾಗೇ ಎರಡು ಲಡಿ ತರುವಂತಿರಬೇಕು. ನಿತ್ಯದ ಕೆಲಸಕ್ಕೆ ಅದೇ ಮುಖ್ಯ, ಅಲ್ವಾ?

ಬಟ್ಟೆಯ ವಿಷಯಕ್ಕೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಕಲಿಯುವವರಿಗೆ ಮ್ಯಾಟಿ ಬಟ್ಟೆ ಒಳ್ಳೆಯದು. ಎಳೆಗಳು ಜೋಡಿ ಜೋಡಿಯಾಗಿ ನೇಯ್ದಿರುವುದರಿಂದ ಮನೆ, ಅಂದರೆ ನೇಯ್ಗೆಯ ಸಣ್ಣ ಚೌಕ, ಎಣಿಸುವುದು ಸುಲಭ. ಆದರೆ ಎಲ್ಲ ಮ್ಯಾಟಿಯೂ ಚೌಕವಾಗಿರುವುದಿಲ್ಲ. ಒಂದು ಸಲ ತಂದ ಬಟ್ಟೆಯಲ್ಲಿ ಆನೆ ಅಂಬಾರಿ ಹಾಕಿದೆ. ಅಡ್ಡಕ್ಕೆ 40 ಮನೆ, ಎತ್ತರಕ್ಕೆ 40 ಮನೆ. ಲೆಕ್ಕ ಎಲ್ಲೂ ತಪ್ಪಿಲ್ಲ, ಆದರೂ ಆನೆ ಯಾಕೋ ಕಾಲು ಚಾಚಿ ನಿಂತ ಹಾಗೆ ಕಾಣುತ್ತಿತ್ತು. ಸ್ಟೀಲ್ ಸ್ಕೇಲ್ ಇಟ್ಟು ನೋಡಿದೆ. 10 ಸೆಂಟಿಮೀಟರಿಗೆ ಅಡ್ಡ 55 ಮನೆ, ಉದ್ದ 49 ಮನೆ. ಆನೆ ಒಂಬತ್ತು ಮಿಲಿಮೀಟರ್ ಎತ್ತರ ಬೆಳೆದಿತ್ತು. ಅಂದಿನಿಂದ ಸ್ಕೇಲ್ ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗುತ್ತೇನೆ. ಕೌಂಟರಿನ ಮೇಲೆ ಬಟ್ಟೆ ಹರಡಿ ಎರಡೂ ಕಡೆ ಎಣಿಸಿದ ಮೇಲೇ ಕತ್ತರಿ ಹಾಕಿಸುವುದು. ತಂದ ಮೇಲೆ ಒಂದು ಸಲ ನೀರಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿ. ಕುಗ್ಗುವುದಿದ್ದರೆ ಮೊದಲೇ ಕುಗ್ಗಲಿ. ಇಳಕಲ್ ಸೀರೆ ಅಥವಾ ರೇಷ್ಮೆ ಮೇಲೆ ಹಾಕುವವರು ಜಾಳು ಕ್ಯಾನ್ವಾಸ್ ಇಟ್ಟು ಅದರ ಮನೆ ಎಣಿಸಿ ಹಾಕುತ್ತಾರೆ, ಆಮೇಲೆ ಕ್ಯಾನ್ವಾಸಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುತ್ತಾರೆ. ನಾನು ಇನ್ನೂ ಅಲ್ಲಿಗೆ ಹೋಗಿಲ್ಲ. ಅಕ್ಕ ಕ್ಯಾನ್ವಾಸ್ ಇಲ್ಲದೆಯೇ ಸೀರೆಯ ಎಳೆ ಎಣಿಸುತ್ತಾಳೆ. ನಮ್ಮ ಅವ್ವನ ಕಪ್ಪು ಚಂದ್ರಕಾಳಿ ಸೀರೆಯ ಸೆರಗು ಅವಳ ಟ್ರಂಕಿನಲ್ಲಿದೆ. ಅದನ್ನು ತಿರುಗಿಸಿ ಮುರುಗಿಸಿ ನೋಡಿದರೂ ಯಾವುದು ಮುಂದು, ಯಾವುದು ಹಿಂದು ಅಂತ ನನಗೆ ಹೇಳಲಾಗಲಿಲ್ಲ.

ಸೂಜಿ ಮೊಂಡು ತುದಿಯದೇ ಇರಲಿ. ಟೇಪೆಸ್ಟ್ರಿ ಸೂಜಿ ಅಂತ ಕೇಳಿ, 24 ಅಥವಾ 26 ನಂಬರ್. ಗವಂತಿ ಹಾಕುವಾಗ ಇದರ ಗುಣ ಗೊತ್ತಾಗುತ್ತದೆ. ಹೋಗುವಾಗ ಒಂದು ಮನೆ ಮೇಲೆ, ಒಂದು ಮನೆ ಕೆಳಗೆ ಅಂತ ಹೋಗುತ್ತೀರಿ. ಸಾಲು ಮುಗಿದ ಮೇಲೆ ಅದೇ ದಾರಿಯಲ್ಲಿ ವಾಪಸ್ ಬಂದು ಖಾಲಿ ಮನೆ ತುಂಬುತ್ತೀರಿ. ವಾಪಸ್ ಬರುವಾಗ ಪ್ರತಿ ತೂತಿನಲ್ಲೂ ಆಗಲೇ ಒಂದು ದಾರ ಇರುತ್ತದೆ. ಚೂಪು ಸೂಜಿ ಅದನ್ನು ಸೀಳುತ್ತದೆ. ಮೊಂಡು ಸೂಜಿ ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಂಡು ಹೋಗುತ್ತದೆ. ಇನ್ನೊಂದು ಗುಟ್ಟು: ವಾಪಸ್ ಬರುವಾಗ ಇರುವ ದಾರದ ಮೇಲ್ಗಡೆಯಿಂದ ಸೂಜಿ ಹೊರಗೆ ಬಂದರೆ, ಕೆಳಗಡೆ ಒಳಗೆ ಹೋಗಲಿ. ಕೊನೆಯವರೆಗೂ ಇದನ್ನೇ ಪಾಲಿಸಿ. ಆಗ ಗೆರೆ ಸ್ಕೇಲಿನಲ್ಲಿ ಎಳೆದ ಹಾಗೆ ನೇರ ಬರುತ್ತದೆ. ಇಲ್ಲದಿದ್ದರೆ ಮೆಟ್ಟಿಲು ಮೆಟ್ಟಿಲಾಗುತ್ತದೆ. ಶುರುವಿನಲ್ಲಿ ಎರಡು ಇಂಚು ದಾರ ಸುಮ್ನೆ ಬಿಟ್ಟಿರಿ. ವಾಪಸ್ ಬಂದಾಗ ಅದನ್ನು ಹೊಲಿಗೆಯೊಳಗೇ ಸುತ್ತಿ ಸೇರಿಸಿದರೆ ಗಂಟಿನ ಕೆಲಸವೇ ಇಲ್ಲ.

ಬಳೆ, ಅಂದರೆ ಹೂಪ್, ಆರು ಇಂಚಿನ ಮರದ್ದು ಸಾಕು. ಒಳಗಿನ ಬಳೆಗೆ ಹತ್ತಿ ಪಟ್ಟಿ ಸುತ್ತಿದರೆ ಬಟ್ಟೆ ಜಾರುವುದಿಲ್ಲ. ಎದ್ದು ಹೋಗುವಾಗ ಬಿಚ್ಚಿಡಿ.

ಆನ್‌ಲೈನ್‌ನಲ್ಲಿ ಕಸೂತಿ ಕಿಟ್ ಅಂತ ಮಾರುವುದನ್ನು ಒಮ್ಮೆ ತರಿಸಿ ನೋಡಿದೆ. ಬಟ್ಟೆಯ ಮೇಲೆ ಚಿತ್ರ ಅಚ್ಚು ಹಾಕಿತ್ತು, ಆ ಅಚ್ಚು ಬಟ್ಟೆಯ ಎಳೆಗೆ ಕೂಡಿ ಬರುತ್ತಿರಲಿಲ್ಲ. ಗೆರೆ ನೋಡಿದರೆ ಎಣಿಕೆ ತಪ್ಪುತ್ತದೆ, ಎಣಿಸಿದರೆ ಗೆರೆ ಉಳಿದುಬಿಡುತ್ತದೆ. ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕಲೆ ಇದು. ಇದರ ಹೆಸರಿನಲ್ಲಿ ಹೀಗೆ ಮಾರುವುದು ನನಗೆ ನಿಜವಾಗಿಯೂ ನೋವು ತಂದಿತು. ಅದರ ಅರ್ಧ ದುಡ್ಡಿಗೆ ಅರ್ಧ ಮೀಟರ್ ಮ್ಯಾಟಿ, ನಾಲ್ಕು ಲಡಿ ದಾರ, ಎರಡು ಸೂಜಿ, ಒಂದು ಚೌಕುಳಿ ಪುಸ್ತಕ ಬರುತ್ತಿತ್ತು. ಚೌಕುಳಿ ಪುಸ್ತಕದಲ್ಲಿ ಪೆನ್ಸಿಲ್ಲಿನಿಂದ ನಿಮ್ಮದೇ ಗೋಪುರ ಬರೆದುಕೊಳ್ಳಿ. ಒಂದು ಮನೆ ಹೆಚ್ಚು ಕಡಿಮೆಯಾದರೆ ಅಲ್ಲೇ ಅಳಿಸಬಹುದು.

ಕಪ್ಪು ದಾರವನ್ನು ಗಾಢ ಬಟ್ಟೆಯ ಮೇಲೆ ರಾತ್ರಿ ದೀಪದಲ್ಲಿ ಹಾಕಬೇಡಿ. ಕಣ್ಣಿಗೆ ತ್ರಾಸು, ಬೆಳಿಗ್ಗೆ ಬಿಚ್ಚುವ ಕೆಲಸ ಬೇರೆ. ಮಳೆಗಾಲದಲ್ಲಿ ನಾನು ಬಿಳಿ ಬಟ್ಟೆ, ಕೆಂಪು ದಾರವನ್ನೇ ಹಿಡಿಯುತ್ತೇನೆ. ಮೋಡ ಮುಸುಕಿದರೂ ಮನೆ ಕಾಣುತ್ತವೆ.

ಈಗ ಅಕ್ಕನ ಮನೆಯ ಬಾಗಿಲಿಗೆ ತೋರಣ ಹಾಕುತ್ತಿದ್ದೇನೆ. ಹನ್ನೊಂದು ನವಿಲು, ಏಳು ಮುಗಿದಿವೆ. ಎಂಟನೆಯದರ ಕುತ್ತಿಗೆಯಲ್ಲಿ 923 ಖಾಲಿಯಾಯಿತು. ಕಾರ್ಡಿಗೆ ಅಂಟಿಕೊಂಡ ಮೋಟು ಎಳೆಯೊಂದನ್ನು ಶನಿವಾರ ಪೇಟೆಗೆ ತಗೊಂಡು ಹೋಗಿ, ಅಂಗಡಿಯ ಟ್ಯೂಬ್‌ಲೈಟ್ ಬಿಟ್ಟು ಹೊರಗೆ ಬಿಸಿಲಿಗೆ ಬಂದು ಹೊಸ ಲಡಿಯ ಪಕ್ಕ ಹಿಡಿದು ನೋಡಬೇಕು.