ಜೊಂಡಿನೊಳಗೆ ಇಣುಕಲು ಒಂದು 8×42 ಬೈನಾಕ್ಯುಲರ್

ಜೊಂಡು ಹುಲ್ಲನ್ನು ಮೇಯುವ ಹಕ್ಕಿ, ಹುಳುಗಳನ್ನು ನೋಡಲೆಂದೇ ನಾನು ಕೊಂಡ 8×42 ಬೈನಾಕ್ಯುಲರಿಗೆ (ಎಂಟು ಪಟ್ಟು ಹಿಗ್ಗಿಸಿ ತೋರಿಸುವ, ಮುಂದಿನ ಮಸೂರ 42 ಮಿ.ಮೀ. ಅಗಲದ್ದು) ಈಗ ಎರಡು ವರ್ಷ ತುಂಬಿದೆ. ಅಂಗಡಿಯವರು 10×42 ಮಾದರಿಯನ್ನೇ ಒಯ್ಯುವಂತೆ ಒತ್ತಾಯಿಸಿದ್ದರು. ಬಾನಿನಲ್ಲಿ ಹಾರುವ ಹದ್ದುಗಳನ್ನು ನೋಡುವವರಿಗೆ ಅವರ ಸಲಹೆ ಸರಿಯಿರಬಹುದು. ಜೊಂಡಿನ ಅಂಚಿನಲ್ಲಿ ಕಾದು ಕೂರುವವರಿಗೆ ಮಾತ್ರ ಹಿಗ್ಗಿಸಿ ತೋರಿಸುವ ಶಕ್ತಿಗಿಂತ ನೋಟದ ಅಗಲ ಮತ್ತು ಹತ್ತಿರದ ಫೋಕಸ್ (ಎಷ್ಟು ಹತ್ತಿರದ ವಸ್ತುವನ್ನು ಸ್ಪಷ್ಟವಾಗಿ ನೋಡಬಹುದು ಎಂಬುದು) ಹೆಚ್ಚು ಮುಖ್ಯ; ಈ ಉಪಕರಣವನ್ನು ನಾನು ಅಳೆದದ್ದೂ ಆ ಎರಡರಿಂದಲೇ.

ಮೂರು ನಾಲ್ಕು ಮೀಟರ್ ಎತ್ತರಕ್ಕೆ ಒತ್ತೊತ್ತಾಗಿ ಬೆಳೆಯುವ ಜೊಂಡಿನಲ್ಲಿ ಯಾವ ಪ್ರಾಣಿಯೂ ಇಡಿಯಾಗಿ ಕಾಣಿಸುವುದಿಲ್ಲ. ಮೊದಲು ಒಂದು ದಂಟು ಅಲುಗುತ್ತದೆ, ಆಮೇಲೆ ಒಂದು ಕೊಕ್ಕೋ ಕಾಲೋ ಕಾಣುತ್ತದೆ, ಅಷ್ಟರಲ್ಲಿ ಅದು ಮರೆಯಾಗಿರುತ್ತದೆ. ನೋಟ ಕಿರಿದಾಗಿದ್ದರೆ ಅಲುಗಿದ ದಂಟು ಯಾವುದೆಂದು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಈ ಬೈನಾಕ್ಯುಲರಿನ ನೋಟ 1,000 ಮೀಟರ್ ದೂರದಲ್ಲಿ 130 ಮೀಟರ್ ಅಗಲವಿದೆ, ಎಂದರೆ ಹತ್ತು ಮೀಟರ್ ದೂರದಲ್ಲಿ ಸುಮಾರು 1.3 ಮೀಟರ್, ಮತ್ತು ಈ ಕೆಲಸಕ್ಕೆ ಅಷ್ಟು ಸಾಕು.

ಒಂದು ಮುಂಜಾನೆ ಆ ಅಗಲದೊಳಗೆ ನೇರಳೆ ಜಂಬುಕೋಳಿಯೊಂದು ಬಂದು ನಿಂತಿತು. ಎಳೆಯ ದಂಟೊಂದನ್ನು ಬುಡದಿಂದ ಕಿತ್ತು, ಅದನ್ನು ಉದ್ದನೆಯ ಕಾಲ್ಬೆರಳುಗಳ ನಡುವೆ ಎತ್ತಿ ಹಿಡಿದು, ನಾವು ಕಬ್ಬಿನ ಜಲ್ಲೆ ಸಿಗಿಯುವ ಹಾಗೆ ಹೊರಪದರವನ್ನು ಸೀಳಿ ಒಳಗಿನ ಬಿಳಿಯ ಮೆದು ತಿರುಳನ್ನಷ್ಟೇ ತಿಂದಿತು. ಉಳಿದದ್ದನ್ನು ನೀರಿಗೆ ಬಿಟ್ಟು ಮುಂದಿನ ದಂಟಿಗೆ ಕೈ, ಅಲ್ಲ, ಕಾಲು ಹಾಕಿತು. (ಜಂಬು ಎಂದರೆ ನೀರಂಚಿನ ಹುಲ್ಲು; ಈ ಹಕ್ಕಿಗೆ ಹೆಸರಿಟ್ಟವರು ಅದರ ಊಟವನ್ನೂ ನೋಡಿದ್ದಿರಬೇಕು.) ಸೂರ್ಯ ಇನ್ನೂ ಮೇಲೇರಿರದ ಆ ಹೊತ್ತಿನಲ್ಲಿ ತಿರುಳಿನ ಬಿಳುಪು ಸ್ಪಷ್ಟವಾಗಿ ಕಂಡದ್ದಕ್ಕೂ 8×42ರ ಲೆಕ್ಕವೇ ಕಾರಣ: 42ನ್ನು 8ರಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ವೃತ್ತ 5.25 ಮಿ.ಮೀ., 10×42ರಲ್ಲಿ ಅದು 4.2 ಮಿ.ಮೀ. ಮಾತ್ರ.

ಹತ್ತಿರದ ಫೋಕಸ್ ಎರಡು ಮೀಟರಿಗೆ ಇಳಿಯುತ್ತದೆ. ನನ್ನ ಮಟ್ಟಿಗೆ ಈ ಉಪಕರಣದ ನಿಜವಾದ ಬೆಲೆ ಇರುವುದು ಇಲ್ಲಿಯೇ. ಕುಳಿತಲ್ಲಿಂದಲೇ ಎಲೆಯ ಅಡಿಯಲ್ಲಿ ಬಿಳಿ ಹಿಟ್ಟು ಮೆತ್ತಿಕೊಂಡಂತೆ ಗುಂಪುಗೂಡಿದ ಸಸ್ಯಹೇನುಗಳನ್ನು ನೋಡಬಹುದು. ಪ್ಲಮ್ ಜಾತಿಯ ಮರಗಳಲ್ಲಿ ಚಳಿಗಾಲ ಕಳೆದು ಬೇಸಿಗೆಯಲ್ಲಿ ಜೊಂಡಿಗೆ ವಲಸೆ ಬರುವ ಈ ಹೇನುಗಳನ್ನು ತಿಂದೇ ಯುರೋಪಿನ ಸೆಜ್ ವಾರ್ಬ್ಲರ್ ಎಂಬ ಉಲಿಯಕ್ಕಿ ಆಫ್ರಿಕಕ್ಕೆ ಹಾರುವ ಮುನ್ನ ತನ್ನ ತೂಕವನ್ನು ಹೆಚ್ಚುಕಡಿಮೆ ಇಮ್ಮಡಿಗೊಳಿಸಿಕೊಳ್ಳಬಲ್ಲದು. ಸುತ್ತಲ ಎಲೆಗಳೆಲ್ಲ ಹಸಿರಾಗಿದ್ದು ನಡುವಿನ ಸುಳಿ ಮಾತ್ರ ಒಣಗಿದ್ದರೆ ಒಳಗೆ ಪತಂಗದ ಮರಿಹುಳು ದಂಟನ್ನು ಕೊರೆಯುತ್ತಿರಬಹುದೆಂದು ಊಹಿಸಿ, ಅದು ಕೊರೆದ ತೂತನ್ನು ದಂಟು ಮುಟ್ಟದೆಯೇ ಹುಡುಕಬಹುದು.

ಇನ್ನು ದೋಷಗಳು. ಫೋಕಸ್ ಚಕ್ರ ತೀರಾ ನಿಧಾನ; ಎರಡು ಮೀಟರಿನಿಂದ ದೂರಕ್ಕೆ ಹೋಗಲು ಒಂದೂವರೆ ಸುತ್ತು ಬೇಕು. ಎಲೆಯ ಮೇಲಿನ ಹೇನಿನಿಂದ ಹಿಂದೆ ನುಸುಳಿದ ಹಕ್ಕಿಗೆ ನೋಟ ಬದಲಿಸುವಷ್ಟರಲ್ಲಿ ಹಕ್ಕಿ ಇರುವುದಿಲ್ಲ, ಮತ್ತು ಜೊಂಡಿನಲ್ಲಿ ಇದು ದಿನಕ್ಕೆ ಹತ್ತು ಸಲ ಆಗುವ ನಷ್ಟ. ಒಳಗೆ ನೈಟ್ರೋಜನ್ ತುಂಬಿರುವುದರಿಂದ ಮಸೂರದ ಒಳಬದಿ ಒಮ್ಮೆಯೂ ಮಂಜುಗಟ್ಟಿಲ್ಲ. ಹೊರಬದಿಯನ್ನು ಒರೆಸಿಕೊಳ್ಳುವುದು ನಮ್ಮ ಪಾಲಿನ ಕೆಲಸ. ಮುಂದಿನ ಮುಚ್ಚಳಗಳ ಹಿಡಿತ ಸಡಿಲವಾಗಿದ್ದು, ಒಂದು ಈಗಾಗಲೇ ಕೆಸರಿನ ಪಾಲಾಗಿದೆ.

ವರ್ಷ ಕಳೆಯುವಷ್ಟರಲ್ಲಿ ಎಡಗಣ್ಣಿನ ರಬ್ಬರ್ ಬಟ್ಟಲು ಸಡಿಲವಾಯಿತು. ದುರಸ್ತಿಗೆ ಕಳುಹಿಸಿದ್ದು ಆರು ವಾರಗಳ ನಂತರ, ಪರೀಕ್ಷಿಸಲಾಗಿದೆ ಎಂಬ ಚೀಟಿಯೊಂದಿಗೆ, ಅಷ್ಟೇ ಸಡಿಲವಾಗಿ ಮರಳಿ ಬಂತು. ಗಾಜಿನ ಗುಣಕ್ಕೆ ಪೂರ್ಣ ಅಂಕ ಕೊಡುವ ನಾನು ಮಾರಾಟದ ನಂತರದ ಸೇವೆಗೆ ಏನನ್ನೂ ಕೊಡಲಾರೆ. ಆ ಬಟ್ಟಲಿಗೆ ಈಗ ಸೈಕಲ್ ಟ್ಯೂಬಿನ ಪಟ್ಟಿಯೊಂದನ್ನು ಸುತ್ತಿದ್ದೇನೆ. ಅದು ಎಂಟು ತಿಂಗಳಿಂದ ಜಾರಿಲ್ಲ.