ಕುಮಟಾದಲ್ಲಿ ಹಳೇ ಕಂಪ್ಯೂಟರ್ ಪೂರ್ತಿ ಅಳಿಸಿಕೊಡುವ ಒಂದು ಅಂಗಡಿ

ಝೆರಾಕ್ಸ್ ಅಂಗಡಿಯವರ ಕಂಪ್ಯೂಟರಿನಲ್ಲಿ ಏನೆಲ್ಲ ಇರುತ್ತದೆ ಎಂಬ ಅಂದಾಜು ಹೊರಗಿನವರಿಗೆ ಇರುವುದಿಲ್ಲ. ಊರಿನವರ ಆಧಾರ್, ಪಾನ್, ಪಹಣಿ, ಪಾಸ್‌ಬುಕ್ಕಿನ ಮೊದಲ ಪುಟ, ಮಕ್ಕಳ ಮಾರ್ಕ್ಸ್ ಕಾರ್ಡ್. ಅವರು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ, ನಾವು ಇಳಿಸಿಕೊಂಡು ಪ್ರಿಂಟ್ ತೆಗೆಯುತ್ತೇವೆ. ದಿನಾ ಸಂಜೆ ಡಿಲೀಟ್ ಮಾಡುವುದು ನನ್ನ ರೂಢಿ. ಆದರೂ ನನಗೆ ಸಮಾಧಾನ ಇರಲಿಲ್ಲ. ಕುಮಟಾ ಪೇಟೆಯಲ್ಲಿ ಝೆರಾಕ್ಸ್, ಡಿಟಿಪಿ ಕೆಲಸ ಮಾಡುವವಳು ನಾನು. ಅಂಗಡಿಗೆ ಹೊಸ ಕಂಪ್ಯೂಟರ್ ಬಂದ ಮೇಲೆ ಹಳೆಯದನ್ನು ಹೊನ್ನಾವರದಲ್ಲಿ ಪಿಯುಸಿ ಓದುವ ಅಣ್ಣನ ಮಗಳಿಗೆ ಕೊಡುವುದೆಂದು ಮಾತಾಯಿತು. ಕೊಡುವ ಮೊದಲು ಊರಿನವರ ಕಾಗದಪತ್ರ ಅದರಲ್ಲಿ ಒಂದೂ ಉಳಿಯಬಾರದು. ಬೇಕಾಗಿದ್ದು ಇಷ್ಟೇ.

ಇಂಥ ಕೆಲಸಕ್ಕೆ ಎಲ್ಲಿಗೆ ಹೋಗಬೇಕು ಎನ್ನುವುದರಲ್ಲಿ ನಾನು ಬಹಳ ಎಚ್ಚರ ವಹಿಸುತ್ತೇನೆ. ಕೆಲವು ವರ್ಷದ ಹಿಂದೆ ಬೇರೆ ಊರಿನ ಒಂದು ಅಂಗಡಿಯಲ್ಲಿ ವಿಂಡೋಸ್ ಹಾಕಿಸಿದ್ದೆ. 'ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್ ಮಾಡ್ತೇವೆ, ನಿಮ್ಮ ಫೈಲ್ ಎಲ್ಲ ಡಿಯಲ್ಲಿ ಇರ್ತದೆ' ಎಂದು ಭರವಸೆ ಕೊಟ್ಟಿದ್ದರು. ಡೆಸ್ಕ್‌ಟಾಪ್ ಮೇಲೆ ಇಟ್ಟ ಫೈಲುಗಳು ಇರುವುದೇ ಸಿ ಡ್ರೈವಿನಲ್ಲಿ. ಆ ಸೀಸನ್ನಿನ ಮದುವೆ ಕಾಗದಗಳ ಡಿಸೈನ್ ಎಲ್ಲ ಹೋಯಿತು. ಅವರು ಒಂದು ಮಾತು ಕೇಳಿದ್ದರೆ ಉಳಿಯುತ್ತಿತ್ತು.

ಈಗ ಹೇಳುತ್ತಿರುವ ಅಂಗಡಿ ಗಿಬ್ ಸರ್ಕಲ್ಲಿನಿಂದ ನಡೆದು ಹೋಗುವಷ್ಟು ದೂರ, ಮಹಡಿ ಮೇಲೆ. ಪ್ರಚಾರ ಬೇಡ ಎಂದು ಮಾಲೀಕರು ಹೇಳಿದ್ದರಿಂದ ಹೆಸರು ಹಾಕುತ್ತಿಲ್ಲ. ಐವತ್ತರ ಆಸುಪಾಸಿನ ಅವರು, ಜೊತೆಗೆ ಕೆಲಸ ಕಲಿಯುವ ಒಬ್ಬ ಹುಡುಗ. ನನಗೆ ಮೊದಲು ಹಿಡಿಸಿದ್ದು ಅವರು ಕೇಳಿದ ಪ್ರಶ್ನೆಗಳು. ಸ್ಕ್ರೂಡ್ರೈವರ್ ಮುಟ್ಟುವ ಮೊದಲೇ ಕೇಳಿದರು. 'ಅಕ್ಕಾ, ಬೇಕಾದ ಫೈಲ್ ತೆಗೆದಿಟ್ಟುಕೊಂಡಿದ್ದೀರಾ? ತೆಗೆದದ್ದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿದ್ದೀರಾ? ಬ್ರೌಸರಿನಲ್ಲಿ ಪಾಸ್‌ವರ್ಡ್ ಸೇವ್ ಆಗಿದೆಯಾ? ಫಾಂಟ್ ತಗೊಂಡಿದ್ದೀರಾ?'

ಕೊನೆಯ ಪ್ರಶ್ನೆಯನ್ನು ಯಾವ ಅಂಗಡಿಯವರೂ ಕೇಳಿದ್ದು ನನಗೆ ಗೊತ್ತಿಲ್ಲ. ಡಿಟಿಪಿಯವರಿಗೆ ಇದು ಜೀವದ ಪ್ರಶ್ನೆ. ಫಾಂಟುಗಳು ನಮ್ಮ ಫೋಲ್ಡರಿನಲ್ಲಿ ಇರುವುದಿಲ್ಲ, ವಿಂಡೋಸಿನ ಒಳಗೆ ಇರುತ್ತವೆ. ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಫೈಲು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡವೇ ಕಾಣುವುದಿಲ್ಲ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು ಬರುತ್ತದೆ.

ಆಮೇಲೆ ಅವರು ತೋರಿಸಿದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಡಿಸ್ಕಿಗೆ ಮೊದಲು ಸುಮ್ನೆ ಕ್ವಿಕ್ ಫಾರ್ಮ್ಯಾಟ್ ಮಾಡಿದರು. ಕ್ಷಣಾರ್ಧದಲ್ಲಿ ಮುಗಿಯಿತು. ತೆರೆದರೆ ಡ್ರೈವ್ ಪೂರ್ತಿ ಖಾಲಿ. ಎಷ್ಟೋ ಕಡೆ ಕೆಲಸ ಇಲ್ಲಿಗೇ ಮುಗಿದು, ಮೇಲೆ ಹೊಸ ವಿಂಡೋಸ್ ಕೂರಿಸಿ ಕೊಟ್ಟುಬಿಡುತ್ತಾರೆ. ಇವರು ಹುಡುಗನಿಗೆ 'ಫೋಟೋರೆಕ್ ಹಾಕು' ಎಂದರು. ಅದು ಅಳಿಸಿಹೋದ ಫೈಲುಗಳನ್ನು ಹುಡುಕಿ ತೆಗೆಯುವ ತಂತ್ರಾಂಶ. ಉಚಿತ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಾನು ನೋಡುತ್ತಿದ್ದಂತೆ ಖಾಲಿ ಡ್ರೈವಿನಿಂದ ಒಂದೊಂದೇ ಫೈಲ್ ಬರತೊಡಗಿತು. ಒಂದು ಮದುವೆ ಕಾಗದ. ಯಾರದೋ ಪಹಣಿ. ನಮ್ಮ ಓಣಿಯ ಅಜ್ಜಿಯೊಬ್ಬರ ಆಧಾರ್, ಮುಖ ಮತ್ತು ನಂಬರ್ ಎರಡೂ ಸ್ಪಷ್ಟವಾಗಿ. ಪಿಂಚಣಿ ಅರ್ಜಿಗೆಂದು ಅವರು ಕೊಟ್ಟಿದ್ದು. ನಾನೇ ಡಿಲೀಟ್ ಮಾಡಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿದ್ದೆ. ಎದೆ ಧಸಕ್ಕೆಂದಿತು.

'ಪಹಣಿ ಪುಸ್ತಕ ಸುಟ್ಟರೆ ಗದ್ದೆ ಎಲ್ಲಿಗೆ ಹೋಗ್ತದೆ ಅಕ್ಕಾ? ಅಲ್ಲೇ ಇರ್ತದೆ' ಎಂದರು ಮಾಲೀಕರು. ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿ ಮಾತ್ರ ಕ್ವಿಕ್ ಫಾರ್ಮ್ಯಾಟಿನಲ್ಲಿ ಹೊಸದಾಗುತ್ತದೆ. ಫೈಲಿನ ಮೇಲೆ ಬೇರೆ ಏನಾದರೂ ಬರೆಯುವ ತನಕ ಅದು ಹಾಗೇ ಬಿದ್ದಿರುತ್ತದೆ.

ಆದ್ದರಿಂದ ಡಿಸ್ಕಿನ ಮೊದಲಿನಿಂದ ಕೊನೆಯ ತನಕ ಸೊನ್ನೆ ಬರೆಸಿದರು. 500 ಜಿಬಿ ಡಿಸ್ಕಿಗೆ ಎರಡು ತಾಸಿನ ಹತ್ತಿರ ಬೇಕಾಯಿತು. ಅಷ್ಟರಲ್ಲಿ ನಾನು ಅಂಗಡಿಗೆ ಹೋಗಿ ಬಂದೆ. ಬಂದ ಮೇಲೆ ಮತ್ತೆ ಫೋಟೋರೆಕ್ ಓಡಿಸಿ ತೋರಿಸಿದರು. ಒಂದು ಫೈಲೂ ಬರಲಿಲ್ಲ. ನಾನು ದುಡ್ಡು ಕೊಟ್ಟಿದ್ದು ಇದಕ್ಕೇ ಎನ್ನಬೇಕು. ಈ ವಿಧಾನ ನನ್ನದರಂಥ ತಿರುಗುವ ಹಾರ್ಡ್ ಡಿಸ್ಕಿಗೆ ಸರಿ, ತಿರುಗುವ ಭಾಗವಿಲ್ಲದೆ ಚಿಪ್‌ನಲ್ಲಿ ಬರೆದಿಡುವ ಎಸ್‌ಎಸ್‌ಡಿಗೆ ಸಾಲದು ಎಂದೂ ಅವರು ಹೇಳಿದರು. ಎಸ್‌ಎಸ್‌ಡಿ ಬರೆಯುವ ಜಾಗವನ್ನು ತಾನೇ ಬದಲಾಯಿಸುತ್ತ ಇರುವುದರಿಂದ ಎಲ್ಲ ಮೂಲೆಗೂ ಸೊನ್ನೆ ತಲುಪುವುದಿಲ್ಲ. ಅದಕ್ಕೆ ಡ್ರೈವಿನೊಳಗೇ ಇರುವ ಅಳಿಸುವ ಆಜ್ಞೆಯನ್ನು ಕೊಡಬೇಕಂತೆ.

ಮುಂದಿನ ಪ್ರಶ್ನೆ, ಯಾವ ಆಪರೇಟಿಂಗ್ ಸಿಸ್ಟಂ ಹಾಕುವುದು? ನನ್ನದು ನಾಲ್ಕನೇ ತಲೆಮಾರಿನ ಇಂಟೆಲ್ ಐ3 ಪ್ರೊಸೆಸರ್, 4 ಜಿಬಿ ರ್‍ಯಾಮ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಎಂಟನೇ ತಲೆಮಾರಿನ ಇಂಟೆಲ್ ಅಥವಾ ಅದಕ್ಕಿಂತ ಹೊಸದು, ಜೊತೆಗೆ ಟಿಪಿಎಂ 2.0 ಎಂಬ ಸುರಕ್ಷತೆಯ ಚಿಪ್. ಅಡ್ಡದಾರಿಯಲ್ಲಿ ಹಾಕಬಹುದು, ಆದರೆ ಮುಂದೆ ಅಪ್‌ಡೇಟ್ ಬರುವ ಖಾತ್ರಿ ಇಲ್ಲ, ಓದುವ ಹುಡುಗಿಗೆ ಅದು ಬೇಡ ಎಂದರು. ಕ್ರ್ಯಾಕ್ ಮಾಡಿದ ವಿಂಡೋಸ್ ಮಾತೇ ಎತ್ತಲಿಲ್ಲ. ಈ ಕಾರಣಕ್ಕೇ ನನಗೆ ಅವರ ಮೇಲೆ ಗೌರವ ಜಾಸ್ತಿಯಾಯಿತು. ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ 22 ಎಂಬ ಆಪರೇಟಿಂಗ್ ಸಿಸ್ಟಂ, ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕೋಣ ಎಂದರು. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ, 2029ರ ತನಕ ಅಪ್‌ಡೇಟ್ ಬರುತ್ತದೆ, ಹಳೇ ಯಂತ್ರಕ್ಕೂ ಭಾರವಲ್ಲ.

ಮಿಂಟನ್ನು ಡಿಸ್ಕಿಗೆ ಹಾಕುವ ಮೊದಲೇ ಪೆನ್ ಡ್ರೈವಿನಿಂದ ಓಡಿಸಿ ನೋಡಬಹುದು. ವೈಫೈ, ಸೌಂಡ್ ಎಲ್ಲ ನನ್ನೆದುರೇ ಪರೀಕ್ಷೆ ಮಾಡಿದರು. 'ನಿಮ್ಮ ಹಳೇ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಕೊಡುವ ಯೋಚನೆ ಇದ್ದರೆ ಬೇಡ, ಇದರಲ್ಲಿ ಅದು ಬಹಳ ಸತಾಯಿಸ್ತದೆ' ಎಂದು ಮೊದಲೇ ಹೇಳಿಬಿಟ್ಟರು. ಝೆರಾಕ್ಸ್ ಅಂಗಡಿಗಳಲ್ಲಿ ಎಲ್ಲೆಲ್ಲೂ ಕಾಣುವ ಪ್ರಿಂಟರ್ ಅದು, ಗೊತ್ತಿರುವುದು ಒಳ್ಳೆಯದು. ಇನ್‌ಸ್ಟಾಲ್ ಆಗುವಾಗ ಯಂತ್ರವನ್ನು ಯುಪಿಎಸ್‌ಗೆ ಜೋಡಿಸಿದ್ದರು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಹೇಳಲಿಕ್ಕಾಗುವುದಿಲ್ಲ. ನಡುವೆ ಹೋದರೆ ಎಲ್ಲ ಮತ್ತೆ ಮೊದಲಿನಿಂದ. ಉಪ್ಪುಗಾಳಿಗೆ ಕಪ್ಪಾಗಿದ್ದ ರ್‍ಯಾಮಿನ ಅಂಚನ್ನು ಹುಡುಗ ರಬ್ಬರಿನಿಂದ ಉಜ್ಜಿ ಕೂರಿಸಿದ. ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ ಸತ್ತಿತ್ತು, ಅದನ್ನೂ ಬದಲಾಯಿಸಿದ. ಅದು ಸತ್ತರೆ ಕಂಪ್ಯೂಟರಿನ ದಿನಾಂಕ ತಪ್ಪುತ್ತದೆ, ದಿನಾಂಕ ತಪ್ಪಿದ್ದರೆ ವೆಬ್‌ಸೈಟುಗಳು ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಬರುತ್ತಿರುತ್ತದೆ.

ಬೇಸರದ ವಿಷಯಗಳೂ ಇವೆ. ಕನ್ನಡ ಟೈಪಿಂಗ್ ವ್ಯವಸ್ಥೆ ಹಾಕಿರಲಿಲ್ಲ, ನಾನೇ ಕೇಳಬೇಕಾಯಿತು. ಲಿನಕ್ಸಿನಲ್ಲಿ ಬೇರೆ ಭಾಷೆ ಟೈಪ್ ಮಾಡಲಿಕ್ಕಿರುವ ಐಬಸ್‌ನಲ್ಲಿ ಕೆಜಿಪಿ ಎಂಬ ಕನ್ನಡ ಕೀಲಿಮಣೆ ಸೇರಿಸಿದ ಮೇಲೆ ನುಡಿಯಲ್ಲಿ ಟೈಪ್ ಮಾಡಿದ ಹಾಗೆಯೇ ಬೆರಳು ಓಡುತ್ತದೆ. ಕುಮಟಾದಲ್ಲಿ ಅಂಗಡಿ ಇಟ್ಟವರು ಇದನ್ನು ಕೇಳದೆಯೇ ಹಾಕಿಕೊಡಬೇಕು ಅಲ್ವಾ? ಫೋನ್ ಎತ್ತುವುದು ಅಪರೂಪ. ಮೆಟ್ಟಿಲು ಕಿರಿದು, ಕ್ಯಾಬಿನೆಟ್ ಹೊತ್ತು ಹತ್ತುವುದು ಕಷ್ಟ. ಡಿಸ್ಕ್ ಅಳಿಸಿದ್ದಕ್ಕೆ ಬಿಲ್ಲಿನಲ್ಲಿ 'ಸರ್ವಿಸ್' ಎಂದಷ್ಟೇ ಬರೆದರು. ಡಿಸ್ಕಿನ ಸೀರಿಯಲ್ ನಂಬರ್, ತಾರೀಖು, ಪೂರ್ತಿ ಅಳಿಸಲಾಗಿದೆ ಎಂಬ ಒಂದು ಸಾಲು ಇದ್ದರೆ ನನ್ನಂಥವರಿಗೆ ಗಿರಾಕಿಗಳ ಮುಂದೆ ತೋರಿಸಲು ಆಗುತ್ತದೆ. ಹೇಳಿ ಬಂದಿದ್ದೇನೆ.

ಬ್ಯಾಟರಿ ಸೇರಿ 800 ರೂಪಾಯಿ ಆಯಿತು. ಕಂಪ್ಯೂಟರ್ ಈಗ ಹೊನ್ನಾವರದಲ್ಲಿದೆ. ಡಿಸ್ಕ್ ಹಳೆಯದಾದ್ದರಿಂದ ಶುರುವಾಗುವುದು ನಿಧಾನ, ಮುಂದೆ ಎಸ್‌ಎಸ್‌ಡಿ ಹಾಕಿಸಬೇಕು. ನೀವೂ ಇಂಥ ಕೆಲಸಕ್ಕೆ ಹೋಗುವುದಾದರೆ ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನದ ಮೇಲೆ ಬಂದವರ ಯಂತ್ರವನ್ನು ಅವರು ರಾತ್ರಿ ಇಟ್ಟುಕೊಳ್ಳುತ್ತಾರೆ. ಅಳಿಸುವಾಗ ನೀವು ಎದುರಿಗಿರಬೇಕು ಎಂದಿದ್ದರೆ ಅದಕ್ಕೆ ಅವಕಾಶ ಸಿಗುವುದಿಲ್ಲ.